ಕಡಲೂರಿನಲ್ಲಿ ಆರು ದಿನದ ಅಡುಗೆಮನೆ

ಮುಂಬಯಿಯಲ್ಲಿ ನೆಲೆಸಿರುವ ನಮ್ಮ ತುಳು-ಕನ್ನಡಿಗರಿಗೆ ರಜೆ ಎಂದರೆ ಊರು. ಮಕ್ಕಳ ಪರೀಕ್ಷೆ ಮುಗಿಯುವ ಮೊದಲೇ ಮತ್ಸ್ಯಗಂಧಾ ರೈಲಿನ ಟಿಕೇಟಿಗಾಗಿ ಪರದಾಟ, ಸೂಟ್‌ಕೇಸಿನ ತುಂಬ ಊರಿನವರಿಗೆ ಬಟ್ಟೆಬರೆ, ಹಿಂದಿರುಗುವಾಗ ಅದೇ ಸೂಟ್‌ಕೇಸಿನಲ್ಲಿ ಹಪ್ಪಳ, ಉಪ್ಪಿನಕಾಯಿ, ತೆಂಗಿನೆಣ್ಣೆ. ನಾಲ್ಕಾರು ದಶಕಗಳ ಕಾಲ ಈ ಮಹಾನಗರದ ಕನ್ನಡಿಗರು ನಡೆಸಿಕೊಂಡು ಬಂದ ಪ್ರವಾಸ ಇದೊಂದೇ ಎಂದರೆ ಅತಿಶಯೋಕ್ತಿಯಲ್ಲ. ಹೋದಲ್ಲಿ ಒಂದು ಮನೆ, ಆ ಮನೆಯಲ್ಲೊಂದು ಹೊಗೆ ಹಿಡಿದ ಅಡುಗೆಕೋಣೆ, ಅಲ್ಲಿ ನಮಗಾಗಿ ಕಾಯುವ ಒಂದು ಜೀವ ಇದ್ದೇ ಇರುತ್ತಿತ್ತು.

ಈಗ ಪರಿಸ್ಥಿತಿ ಹಾಗಿಲ್ಲ. ಹಿರಿಯರು ತೀರಿಕೊಂಡ ಬಳಿಕ ಆಸ್ತಿ ಪಾಲಾಯಿತು, ಕೆಲವು ಮನೆಗಳಿಗೆ ಬೀಗ ಬಿತ್ತು, ಕೆಲವು ಮಾರಾಟವಾದವು. ಕುಂದಾಪುರ ಸಮೀಪದ ಕಡಲ ತೀರದಲ್ಲಿದ್ದ ನಮ್ಮ ಅತ್ತೆಯವರ ಮನೆಯೂ 2011ರಲ್ಲಿ ಕೈಬಿಟ್ಟು ಹೋಯಿತು. ಊರಿನಲ್ಲಿ ಸಂಬಂಧಿಕರಿದ್ದಾರೆ, ಕರೆಯುತ್ತಾರೆ. ಆದರೆ ಮದುವೆ-ಮುಂಜಿಗೆ ಎರಡು ದಿನ ಉಳಿಯುವುದು ಬೇರೆ, ವಯಸ್ಸಾದವರನ್ನು ಕರೆದುಕೊಂಡು ಹೋಗಿ ವಾರಗಟ್ಟಲೆ ಇನ್ನೊಬ್ಬರ ಮನೆಯಲ್ಲಿ ಕೂರುವುದು ಬೇರೆ. ಇಂತಹ ಕುಟುಂಬಗಳು ನಮ್ಮ ಪ್ರತಿಯೊಂದು ಸಂಘದಲ್ಲೂ ಇವೆ. ಆ ಮನೆಗಳ ಹಿರಿಯರು ಎಲ್ಲಿಗೆ ಹೋಗಬೇಕು ಎಂಬುದೇ ಈ ಲೇಖನದ ವಿಷಯ.

ಹೋಟೆಲಿನ ಊಟ ಹಿರಿಯರಿಗೆ ಒಗ್ಗದು

ನಮ್ಮ ಅತ್ತೆಯವರಿಗೆ 82 ವರ್ಷ. ರಕ್ತದೊತ್ತಡ ಇದೆ, ಸಕ್ಕರೆ ಕಾಯಿಲೆಯೂ ಇದೆ. ಉಪ್ಪು ಕಡಿಮೆ, ಎಣ್ಣೆ ಕಡಿಮೆ, ಹೊತ್ತಿಗೆ ಸರಿಯಾಗಿ ಊಟ, ಊಟಕ್ಕೆ ಮೊದಲು ಮಾತ್ರೆ. ಹೋಟೆಲಿಗೆ ಹೋದರೆ ಬೆಳಗ್ಗಿನ ತಿಂಡಿ ಒಂಬತ್ತಕ್ಕೆ, ಊಟ ಎರಡಕ್ಕೆ, ಎಲ್ಲದರಲ್ಲೂ ಉಪ್ಪು, ಬೆಣ್ಣೆ. ಎರಡನೆಯ ದಿನವೇ ಹೊಟ್ಟೆ ಕೆಡುತ್ತದೆ, ಕಾಲು ಬಾತುಕೊಳ್ಳುತ್ತದೆ. ಆದ್ದರಿಂದ ಕೆಲವು ವರ್ಷಗಳಿಂದ ಅವರ ಸಂಚಾರವೆಲ್ಲ ಕಟ್ಟಡದ ಲಿಫ್ಟ್, ಆಸ್ಪತ್ರೆ ಹಾಗೂ ಅಪರೂಪಕ್ಕೆ ಒಂದು ಮದುವೆ ಇಷ್ಟಕ್ಕೇ ಸೀಮಿತವಾಗಿತ್ತು. 'ನೀವು ಹೋಗಿ ಬನ್ನಿ, ನಾನು ಮನೆ ಕಾಯುತ್ತೇನೆ' ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿ ಬರುವಂಥದ್ದೇ. ಅದು ಔದಾರ್ಯದ ಮಾತಲ್ಲ, ಬೇರೆ ದಾರಿಯಿಲ್ಲದ್ದರಿಂದ ಬಂದ ಮಾತು.

ಬ್ಯಾಂಕಿನ ಸಹೋದ್ಯೋಗಿಯೊಬ್ಬರು ಅಡುಗೆಮನೆ ಇರುವ ಹೋಟೆಲುಗಳ ವಿಷಯ ಹೇಳಿದ್ದು ಇದೇ ಸಂದರ್ಭದಲ್ಲಿ. ಸರ್ವಿಸ್ ಅಪಾರ್ಟ್‌ಮೆಂಟ್, ಅಪಾರ್ಟ್‌ಮೆಂಟ್ ಹೋಟೆಲ್, ಸ್ಟುಡಿಯೋ ವಿತ್ ಕಿಚನ್ ಹೀಗೆ ಹೆಸರು ನಾನಾ ತರಹ. ಒಂದು ಮಲಗುವ ಕೋಣೆ, ಒಂದು ಹಾಲ್, ಅದರ ಮೂಲೆಯಲ್ಲಿ ಒಲೆ, ಸಿಂಕ್, ಫ್ರಿಜ್, ನಾಲ್ಕು ಜನರಿಗಾಗುವಷ್ಟು ತಟ್ಟೆ-ಲೋಟ. ಕಸ ಗುಡಿಸುವವರು, ಹಾಸಿಗೆಯ ಚಾದರ ಬದಲಿಸುವವರು ಹೋಟೆಲಿನ ಕಡೆಯಿಂದಲೇ ಬರುತ್ತಾರೆ. ಅಡುಗೆ ಮಾತ್ರ ನಮ್ಮದು. ಗೋವಾದ ಕಡಲ ತೀರದಲ್ಲಿ ಇಂತಹ ವಸತಿಗಳು ಮೊದಲಿನಿಂದಲೂ ಇವೆ. ಚಳಿಗಾಲದಲ್ಲಿ ಬಂದು ತಿಂಗಳುಗಟ್ಟಲೆ ಉಳಿಯುವ ವಿದೇಶಿ ಪ್ರವಾಸಿಗರಿಗೆ ದಿನಾ ಹೋಟೆಲ್ ಊಟ ಸಾಧ್ಯವಿಲ್ಲವಲ್ಲ. ಅವರಿಗೆ ಅನುಕೂಲವಾದದ್ದು ನಮ್ಮ ಹಿರಿಯರಿಗೆ ಏಕೆ ಆಗಬಾರದು?

ನಿದ್ದೆಯಲ್ಲಿ ದಾಟುವ ಊರು

2025ರ ನವೆಂಬರ್ ಎರಡನೆಯ ವಾರದಲ್ಲಿ ನಾನು, ಯಜಮಾನರು, ಮಗಳು ಮತ್ತು ಅತ್ತೆಯವರು ಆರು ರಾತ್ರಿಗಳಿಗೆಂದು ದಕ್ಷಿಣ ಗೋವಾದ ಬೆಣಾವಲಿಗೆ ಹೊರಟೆವು. ಊರಿನವರೆಗಿನ ಪ್ರಯಾಣ ಅತ್ತೆಯವರಿಗೆ ದೀರ್ಘವಾಗುತ್ತಿತ್ತು, ಇದು ಒಂದು ರಾತ್ರಿಯ ಹಾದಿ. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ಣ ಮಾರ್ಗದಲ್ಲಿ ಓಡಲು ಆರಂಭವಾದಂದಿನಿಂದ ನಾವೆಲ್ಲರೂ ಎಷ್ಟೋ ಸಲ ಮಡಗಾಂವ್ ನಿಲ್ದಾಣವನ್ನು ಹಾದು ಹೋಗಿದ್ದೇವೆ. ಮತ್ಸ್ಯಗಂಧಾ ಅಲ್ಲಿಗೆ ತಲುಪುವುದು ನಡುರಾತ್ರಿ ಕಳೆದ ಮೇಲೆ. ಹಾಗಾಗಿ ನಮ್ಮವರ ಪಾಲಿಗೆ ಅದು ನಿದ್ದೆಯಲ್ಲಿ ದಾಟುವ ಊರು. ಅಲ್ಲಿಗೇ ಹೋಗುವವರಿಗೆ ಕೊಂಕಣ ಕನ್ಯಾ ಅನುಕೂಲ. ರಾತ್ರಿ ಹತ್ತಿದರೆ ಮರುದಿನ ಬೆಳಿಗ್ಗೆ ಇಳಿಯಬಹುದು. ಹಗಲಿನ ಪ್ರಯಾಣ ಬೇಕೆನ್ನುವವರಿಗೆ 2023ರ ಜೂನ್‌ನಿಂದ ವಂದೇ ಭಾರತ್ ರೈಲೂ ಇದೆ. ಆದರೆ ಎಂಟು ಗಂಟೆ ಕುಳಿತೇ ಇರುವುದು ಹಿರಿಯರಿಗೆ ಕಷ್ಟ. ಕೆಳಗಿನ ಬರ್ತ್ ಸಿಕ್ಕಿದ್ದರಿಂದ ನಮ್ಮ ಅತ್ತೆಯವರ ರಾತ್ರಿ ಸುಖವಾಗಿಯೇ ಕಳೆಯಿತು.

ಬೆಣಾವಲಿ ಮಡಗಾಂವ್ ಪೇಟೆಯಿಂದ ಸುಮಾರು ಏಳು ಕಿ.ಮೀ. ದೂರ. ಪ್ರಸಿದ್ಧ ಕೊಲ್ವಾ ಬೀಚಿಗೆ ದಕ್ಷಿಣದಲ್ಲಿದೆ. ಉತ್ತರದ ವೆಲ್ಸಾವ್‌ನಿಂದ ದಕ್ಷಿಣದ ಮೊಬೋರ್‌ವರೆಗೆ ಸುಮಾರು 25 ಕಿ.ಮೀ. ಉದ್ದಕ್ಕೂ ಒಂದೇ ಮರಳ ದಂಡೆ ಹಬ್ಬಿದ್ದು, ಅದರ ನಡುವೆ ಇರುವ ಊರು ಇದು. ಉತ್ತರ ಗೋವಾದ ಬಾಗಾ, ಕಲಂಗೂಟ್‌ಗಳ ಗದ್ದಲ ಇಲ್ಲಿಲ್ಲ. ತೆಂಗಿನ ತೋಟ, ಗದ್ದೆ, ಹಳೆಯ ಹೆಂಚಿನ ಮನೆಗಳು, ಸಂಜೆಯಾದರೆ ಚರ್ಚಿನ ಗಂಟೆ. ಪರಶುರಾಮರು ಸಹ್ಯಾದ್ರಿಯಿಂದ ಬಿಟ್ಟ ಬಾಣ ಬಂದು ಬಿದ್ದ ಜಾಗವೇ ಬಾಣಾವಳಿ, ಅದೇ ಬೆಣಾವಲಿಯಾಯಿತು ಎಂಬುದು ಸ್ಥಳೀಯರ ನಂಬಿಕೆ. ಪರಶುರಾಮ ಸೃಷ್ಟಿಯ ಕಥೆ ಕೇಳಿಯೇ ಬೆಳೆದ ಕರಾವಳಿಯವರಿಗೆ ಇದು ಹೊಸತೇನಲ್ಲ. ನಮ್ಮ ಕಡೆಗೆ ಇನ್ನೊಂದು ನಂಟೂ ಇದೆ. 1651ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜ್, 1681ರಿಂದ ಸುಮಾರು ಮೂರು ವರ್ಷ ಕೆನರಾ ಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿ, ಮುಂದೆ ಶ್ರೀಲಂಕೆಗೆ ತೆರಳಿದವರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಪೇಟೆಯಲ್ಲಿ ಕನ್ನಡ

ನಮ್ಮ ವಸತಿ ಮೂರು ಮಾಳಿಗೆಯ ಚಿಕ್ಕ ಕಟ್ಟಡ. ಲಿಫ್ಟ್ ಇಲ್ಲದಿರುವುದನ್ನು ಫೋನಿನಲ್ಲೇ ಕೇಳಿ ತಿಳಿದಿದ್ದರಿಂದ ಕೆಳಮಾಳಿಗೆಯನ್ನೇ ಕಾದಿರಿಸಿದ್ದೆವು. ಎರಡು ಬರ್ನರಿನ ಗ್ಯಾಸ್ ಒಲೆ, ನೀರು ಶುದ್ಧೀಕರಿಸುವ ಯಂತ್ರ, ಎರಡು ಪಾತ್ರೆ, ಒಂದು ಬಾಣಲೆ. ಚಾಕು ಮಾತ್ರ ಟೊಮೇಟೊವನ್ನೂ ಕತ್ತರಿಸದಂಥದ್ದು. ಕುಕ್ಕರ್ ಇಲ್ಲವೆಂದು ಮೊದಲೇ ಹೇಳಿದ್ದರಿಂದ ನಮ್ಮ ಮೂರು ಲೀಟರಿನದ್ದನ್ನು ಬ್ಯಾಗಿನಲ್ಲಿ ಒಯ್ದಿದ್ದೆವು. ಅದರ ಹೊಟ್ಟೆಯೊಳಗೆ ಸಾಸಿವೆ, ಜೀರಿಗೆ, ಮೆಣಸಿನ ಪುಡಿಯ ಡಬ್ಬಿಗಳು.

ಮರುದಿನ ಬೆಳಿಗ್ಗೆ ಮಡಗಾಂವ್ ಮಾರ್ಕೆಟ್. ಬೆಣಾವಲಿಯಿಂದ ಅಲ್ಲಿಗೆ ಬಸ್ಸುಗಳಿವೆ. ಗೋವಾ ಸರಕಾರದ ಬಸ್ಸುಗಳಿಗೆ ಕದಂಬ ಎಂದೇ ಹೆಸರು. 1980ರಲ್ಲಿ ಸ್ಥಾಪನೆಯಾದ ಈ ಸಾರಿಗೆ ನಿಗಮಕ್ಕೆ ಗೋವಾವನ್ನಾಳಿದ ಕದಂಬರ ಹೆಸರಿಟ್ಟಿದ್ದಾರೆ. ಆ ಕದಂಬರ ಮೊದಲ ರಾಜಧಾನಿ ಚಂದ್ರಪುರ, ಈಗಿನ ಚಾಂದೋರ್, ಮಡಗಾಂವ್ ಸಮೀಪದಲ್ಲೇ ಇದೆ. ಬನವಾಸಿಯ ಹೆಸರನ್ನು ಹಣೆಯ ಮೇಲೆ ಹೊತ್ತುಕೊಂಡು ಓಡುವ ಬಸ್ಸನ್ನು ಕಂಡು ಯಾವ ಕನ್ನಡಿಗನಿಗೆ ಸಂತೋಷವಾಗದು?

ಮಾರ್ಕೆಟಿನಲ್ಲಿ ಇನ್ನೂ ಹೆಚ್ಚಿನ ಸಂತೋಷ ಕಾದಿತ್ತು. ಗೋವಾಕ್ಕೆ ಬರುವ ತರಕಾರಿಯ ದೊಡ್ಡ ಪಾಲು ಬೆಳಗಾವಿ ಕಡೆಯಿಂದ ಬರುತ್ತದೆ. ಮಾರುವವರಲ್ಲಿ ಉತ್ತರ ಕರ್ನಾಟಕದವರು ಬಹಳಷ್ಟಿದ್ದಾರೆ. ಗದಗ ಕಡೆಯ ಹೆಂಗಸೊಬ್ಬರು 'ಬದನಿಕಾಯಿ ಛಲೋ ಅದಾವ ತಗೋರಿ' ಎಂದರೆ, ನಮ್ಮ ಅತ್ತೆಯವರು ಕುಂದಾಪುರದ ಕನ್ನಡದಲ್ಲಿ ಚೌಕಾಶಿ ಶುರು ಮಾಡಿದರು. ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ಅರ್ಥವಾಯಿತು, ವ್ಯಾಪಾರ ಮಾತ್ರ ಪೂರ್ತಿಯಾಯಿತು. ಕೆಂಪು ಹರಿವೆ, ಮೂಲಂಗಿ, ಎರಡು ತೆಂಗಿನಕಾಯಿ, ಒಣಗಿದ ಕೋಕಂ, ಅರ್ಥಾತ್ ನಮ್ಮ ಪುನರ್ಪುಳಿ. ಅಕ್ಕಿಯಂಗಡಿಯಲ್ಲಿ 'ಉಕ್ಡೆ ತಾಂದೂಳ್' ಎಂದು ಕೊಟ್ಟ ಕೆಂಪಕ್ಕಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದ ಅತ್ತೆಯವರು, 'ಇದು ನಮ್ಮ ಕುಚ್ಚಲಕ್ಕಿಯೇ' ಎಂದರು.

ಗಂಜಿಯ ಬಟ್ಟಲು

ಗೋವಾದವರು ಹಗಲು ಹತ್ತು-ಹನ್ನೊಂದು ಗಂಟೆಗೆ ಕುಡಿಯುವ 'ಪೇಜ್' ಎಂದರೆ ಇದೇ ಕುಚ್ಚಲಕ್ಕಿಯ ಗಂಜಿ. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ತೆಂಗಿನ ಮರಗಳ ನಡುವಿನಿಂದ ಗಾಳಿ ಬರುತ್ತಿರುವಾಗ, ಉಪ್ಪಿಲ್ಲದ ಗಂಜಿಗೆ ಹರಿವೆ ಪಲ್ಯ ಹಾಕಿಕೊಂಡು ನಮ್ಮ ಅತ್ತೆಯವರು ಎರಡು ಬಟ್ಟಲು ಉಂಡರು. ಮುಂಬಯಿಯಲ್ಲೂ ಇದೇ ಗಂಜಿಯನ್ನು ದಿನಾ ಮಾಡುತ್ತೇವೆ. ಅಲ್ಲಿ ಅದು ಡಾಕ್ಟರು ಬರೆದುಕೊಟ್ಟ ಪಥ್ಯ, ಇಲ್ಲಿ ಊಟ. ಸಂಜೆಯ ಸುಸ್ತು ಕಡಿಮೆಯಾಯಿತು. ಮಾತ್ರೆಯ ಹೊತ್ತು ಒಂದು ದಿನವೂ ತಪ್ಪಲಿಲ್ಲ. ಅಡುಗೆಮನೆ ಇದ್ದುದರಿಂದಲೇ ಇದು ಸಾಧ್ಯವಾಯಿತು ಎಂಬುದರಲ್ಲಿ ಎರಡು ಮಾತಿಲ್ಲ.

ಬೆಳಿಗ್ಗೆ ಸೈಕಲಿನಲ್ಲಿ ಹಾರ್ನ್ ಒತ್ತುತ್ತಾ ಬರುವ ಬ್ರೆಡ್ಡಿನವನನ್ನು ಇಲ್ಲಿ ಪೊದೇರ್ ಎನ್ನುತ್ತಾರೆ. ತವುಡು ಬೆರೆತ ಗೋಧಿಯ 'ಪೊಯಿ' ಬಿಸಿ ಬಿಸಿಯಾಗಿ ಬಾಗಿಲಿಗೇ ಬರುತ್ತದೆ. ಕಡಲ ದಂಡೆಗೆ ಹೋದರೆ ಒಮ್ಮೊಮ್ಮೆ ಹತ್ತಾರು ಜನ ಸೇರಿ ದಡದಿಂದಲೇ ಬಲೆ ಎಳೆಯುವುದನ್ನು ಕಾಣಬಹುದು. ಇದು ರಾಂಪೊಣ್, ನಮ್ಮ ಕರಾವಳಿಯ ರಂಪಣಿ. 1970ರ ದಶಕದಲ್ಲಿ ಯಾಂತ್ರಿಕ ದೋಣಿಗಳ ವಿರುದ್ಧ ಗೋವಾದ ರಾಂಪೊಣ್‌ಕಾರರು ದೊಡ್ಡ ಹೋರಾಟ ನಡೆಸಿದ್ದರು. ನಮ್ಮ ಕಡೆ ರಂಪಣಿ ಹೆಚ್ಚುಕಡಿಮೆ ನೆನಪಾಗಿ ಉಳಿದಿದೆ. ಅಂದು ಬಲೆಯಲ್ಲಿ ಬಿದ್ದದ್ದು ಬೂತಾಯಿ. ಅತ್ತೆಯವರು ಮರಳಿನ ಮೇಲೆ ಕುಳಿತು, ತಮ್ಮ ತಂದೆಯ ಕಾಲದಲ್ಲಿ ಬಲೆ ಎಳೆಯಲು ಕೈಗೂಡಿಸಿದವರಿಗೆಲ್ಲ ಮೀನಿನ ಪಾಲು ಸಿಗುತ್ತಿದ್ದುದನ್ನು ಮೊಮ್ಮಗಳಿಗೆ ವಿವರಿಸಿದರು. ಮಗಳು ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಈ ಕಥೆಯನ್ನು ಅಂದೇ ಮೊದಲು ಕೇಳಿದ್ದು.

ರಜೆ ಯಾರಿಗೆ?

ಈ ಪ್ರಶ್ನೆಯನ್ನು ಓದುಗ ಸಹೋದರಿಯರು ಈಗಾಗಲೇ ಕೇಳಿಕೊಂಡಿರಬಹುದು. ಮನೆಯಲ್ಲೂ ಅಡುಗೆ, ಗೋವಾಕ್ಕೆ ಹೋದರೂ ಅಡುಗೆ ಎಂದಾದರೆ ಅದು ಎಂತಹ ಪ್ರವಾಸ? ನ್ಯಾಯವಾದ ಪ್ರಶ್ನೆ. ಮೂವತ್ತಕ್ಕೂ ಹೆಚ್ಚು ವರ್ಷ ಬೆಳಿಗ್ಗೆ ಐದಕ್ಕೆದ್ದು ಡಬ್ಬಿ ತುಂಬಿಸಿ, ಲೋಕಲ್ ಹಿಡಿದು, ಕೌಂಟರಿನಲ್ಲಿ ಕುಳಿತು, ಮತ್ತೆ ಬಂದು ಒಲೆ ಹೊತ್ತಿಸಿದವಳಿಗೆ ಇದರ ಅರ್ಥ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಡುಗೆಮನೆ ಇರುವ ಹೋಟೆಲು ಹಿರಿಯರಿಗೆ ವರ, ಆದರೆ ಅದು ಮನೆಯ ಹೆಂಗಸಿಗೆ ವರ್ಗಾವಣೆಯ ಆದೇಶ ಆಗಬಾರದು.

ಆದ್ದರಿಂದ ಮುಂಬಯಿಯಿಂದ ಹೊರಡುವ ಮೊದಲೇ ಒಂದು ಪಟ್ಟಿ ಮಾಡಿ ಎಲ್ಲರ ಒಪ್ಪಿಗೆ ಪಡೆದೆ. ಬೆಳಗ್ಗಿನ ಚಹಾ, ಪೊಯಿ, ಮೊಟ್ಟೆ ಯಜಮಾನರದ್ದು. ಮಧ್ಯಾಹ್ನದ ಗಂಜಿ, ಪಲ್ಯ ಒಂದು ದಿನ ನನ್ನದು, ಮರುದಿನ ಮಗಳದ್ದು. ಮೀನು ಶುಚಿ ಮಾಡಿಸಿಯೇ ತರುವುದು. ರಾತ್ರಿ ಅತ್ತೆಯವರಿಗೆ ಮಧ್ಯಾಹ್ನದ್ದೇ ಸ್ವಲ್ಪ ಬಿಸಿ ಮಾಡಿ ಕೊಟ್ಟು, ಉಳಿದವರಿಗೆ ಹೊರಗಿನ ಊಟ. ಪಾತ್ರೆ ತೊಳೆಯುವುದು ಆಯಾ ಹೊತ್ತು ಅಡುಗೆ ಮಾಡದವರ ಕೆಲಸ. ಒಂದು ದಿನಕ್ಕೆ ಒಂದೇ ಸಲ ದೊಡ್ಡ ಒಲೆ, ಒಂದು ಪಲ್ಯಕ್ಕಿಂತ ಹೆಚ್ಚಿಲ್ಲ, ಮಸಾಲೆ ಅರೆಯುವ ಮಾತೇ ಇಲ್ಲ. ಆರು ದಿನಗಳಲ್ಲಿ ಮೂರು ದಿನ ನಾನು ಒಲೆಯ ಬಳಿ ಹೋಗಲೇ ಇಲ್ಲ. ಬೆಳಗ್ಗೆ ಆರಕ್ಕೆ ದಂಡೆಯ ಮೇಲೆ ಬರಿಗಾಲಿನಲ್ಲಿ ಕೊಲ್ವಾ ಕಡೆಗೆ ನಡೆದು ಬಂದರೆ ಚಹಾ ಸಿದ್ಧವಾಗಿರುತ್ತಿತ್ತು. ಆ ಚಹಾದ ರುಚಿ ಹೇಳತೀರದು. ಸಕ್ಕರೆ ತುಸು ಜಾಸ್ತಿಯಾಗಿದ್ದರೂ ಯಾರೂ ಚಕಾರವೆತ್ತಲಿಲ್ಲ.

ಲೆಕ್ಕದ ಮಾತು

ಬ್ಯಾಂಕಿನವಳಾದ್ದರಿಂದ ಲೆಕ್ಕ ಹೇಳದಿದ್ದರೆ ಲೇಖನ ಪೂರ್ತಿಯಾಗದು. ನಮ್ಮ ವಸತಿಯ ಬಾಡಿಗೆ ದಿನಕ್ಕೆ 2,600 ರೂ. ಆರು ರಾತ್ರಿಗೆ 15,600 ರೂ. ಇದರ ಮೇಲೆ ಶೇ. 5 ಜಿಎಸ್‌ಟಿ 780 ರೂ. ಸೇರಿ 16,380 ರೂ. ದಿನಕ್ಕೆ 7,500 ರೂ.ವರೆಗಿನ ಕೋಣೆಗಳಿಗೆ ಮೊದಲು ಶೇ. 12 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿರುವುದನ್ನು ಗಮನಿಸಬೇಕು. ಬಿಲ್ಲಿನಲ್ಲಿ ಹಳೆಯ ದರ ಹಾಕಿದ್ದರೆ ಕೇಳಬಹುದು. ಅಕ್ಕಿ, ತರಕಾರಿ, ಮೀನು, ಹಾಲು ಸೇರಿ ಆರು ದಿನಕ್ಕೆ ನಮಗೆ 3,400 ರೂ. ಆಯಿತು. ಇದೇ ನಾಲ್ಕು ಜನ ಮೂರು ಹೊತ್ತೂ ಹೊರಗೆ ತಿಂದರೆ, ಒಬ್ಬರ ಒಂದು ಹೊತ್ತಿಗೆ 250 ರೂ. ಎಂದೇ ಹಿಡಿದರೂ ದಿನಕ್ಕೆ 3,000, ಆರು ದಿನಕ್ಕೆ 18,000 ರೂ. ಸಾಮಾನ್ಯ ಹೋಟೆಲಿನಲ್ಲಾದರೆ ನಾಲ್ವರಿಗೆ ಎರಡು ಕೋಣೆ ಬೇಕಾಗುತ್ತಿತ್ತು. ರಾತ್ರಿ ಮೂವರು ಹೊರಗೆ ಉಂಡದ್ದನ್ನು ಸೇರಿಸಿದರೂ ಉಳಿತಾಯ ಸಾಕಷ್ಟಾಯಿತು. ಆದರೆ ಕ್ರಿಸ್ಮಸ್, ಹೊಸ ವರ್ಷದ ಹೊತ್ತಿನಲ್ಲಿ ಬಾಡಿಗೆ ವಿಪರೀತ ಏರುವುದರಿಂದ ಆ ಎರಡು ವಾರಗಳನ್ನು ಬಿಡುವುದೇ ಲೇಸು. ಎರಡು ರಾತ್ರಿಗೆ ಮಾತ್ರ ಹೋಗುವವರಿಗೂ ಇದು ಲಾಭವಲ್ಲ. ಕೊಂಡ ಅಕ್ಕಿ, ಎಣ್ಣೆ ಉಳಿದುಬಿಡುತ್ತದೆ.

ಕಾದಿರಿಸುವ ಮುನ್ನ ಕೇಳಬೇಕಾದುದು

ಅನುಭವದಿಂದ ಕೆಲವು ಮಾತು. ಹಣ ಕಟ್ಟುವ ಮೊದಲು ಫೋನಿನಲ್ಲಿ ನೇರವಾಗಿ ಮಾತನಾಡಿ. ಒಲೆ ಗ್ಯಾಸಿನದ್ದೇ, ಇಂಡಕ್ಷನ್ನೇ ಎಂದು ಕೇಳಿ. ಇಂಡಕ್ಷನ್ ಆದರೆ ಮನೆಯಿಂದ ಒಯ್ಯುವ ಅಲ್ಯುಮಿನಿಯಂ ಪಾತ್ರೆ ಬಿಸಿಯಾಗದು. ತಳಕ್ಕೆ ಆಯಸ್ಕಾಂತ ಅಂಟಿದರೆ ಮಾತ್ರ ಆ ಪಾತ್ರೆ ಆದೀತು. ಗ್ಯಾಸ್ ಮುಗಿದರೆ ಯಾರು ತಂದುಕೊಡುತ್ತಾರೆ, ಮೀನು ಬೇಯಿಸಬಹುದೇ, ಎ.ಸಿ.ಯ ಕರೆಂಟಿಗೆ ಬೇರೆ ಲೆಕ್ಕವೇ, ಠೇವಣಿ ಎಷ್ಟು, ಅದು ಯಾವಾಗ ಹಿಂದಿರುಗುತ್ತದೆ ಎಂಬುದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಹಿರಿಯರಿದ್ದರೆ ಮೆಟ್ಟಿಲು, ಬಚ್ಚಲಿನ ಹಿಡಿಕೆ, ಕಮೋಡ್, ಸಮೀಪದ ಡಾಕ್ಟರು, ಔಷಧಿ ಅಂಗಡಿ ವಿಚಾರಿಸಿ. 'ಬೀಚಿಗೆ ಐದು ನಿಮಿಷ' ಎಂದರೆ ನಡೆದೋ, ಸ್ಕೂಟರಿನಲ್ಲೋ ಎಂದು ಕೇಳಲು ಮರೆಯಬೇಡಿ. ಬೆಣಾವಲಿಯ ಊರ ಮಧ್ಯದ ಮಾರಿಯಾ ಹಾಲ್ ವೃತ್ತದಿಂದ ಕಡಲಿಗೆ ಒಂದು ಕಿ.ಮೀ.ಗಿಂತ ಹೆಚ್ಚಿದೆ. ರೈಲು ಬೆಳಿಗ್ಗೆ ತಲುಪುವುದಾದರೆ ಕೋಣೆ ಬೇಗ ಸಿಗುವುದೇ ಎಂಬುದೂ ಮುಖ್ಯ.

1982ರ ಕಾನೂನಿನ ಪ್ರಕಾರ ಗೋವಾದಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ವಸತಿಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆ ಕೇಳಿದರೆ ಕೊಡಲು ಹಿಂಜರಿಯುವಲ್ಲಿಗೆ ಹೋಗದಿರುವುದು ಒಳ್ಳೆಯದು. ಇನ್ನೊಂದು ಎಚ್ಚರಿಕೆ. ಬಸ್ಸು ಮಾಡಿಕೊಂಡು ಹೋಗುವ ನಮ್ಮವರಿಗೆ ದಾರಿ ಬದಿಯಲ್ಲೋ, ಬೀಚಿನಲ್ಲೋ ಸ್ಟವ್ ಹೊತ್ತಿಸಿ ಅಡುಗೆ ಮಾಡುವ ರೂಢಿ ಇದೆ. ಗೋವಾದ ಪ್ರವಾಸಿ ತಾಣಗಳಲ್ಲಿ ಬಯಲಿನಲ್ಲಿ ಅಡುಗೆ ಮಾಡುವುದನ್ನು 2019ರಲ್ಲಿ ಕಾನೂನು ತಿದ್ದುಪಡಿ ಮಾಡಿ ನಿಷೇಧಿಸಲಾಗಿದ್ದು, ದಂಡ ಬೀಳುತ್ತದೆ. ಅಡುಗೆ ಮಾಡಬೇಕೆಂದಿದ್ದರೆ ಅಡುಗೆಮನೆ ಇರುವ ವಸತಿಯೇ ಸರಿಯಾದ ದಾರಿ. ಹಸಿ ಕಸ, ಒಣ ಕಸ ಬೇರೆ ಮಾಡಿ ಇಟ್ಟರೆ ಊರಿನವರಿಗೂ ಉಪಕಾರ.

ಕಡಲಿನ ವಿಷಯದಲ್ಲಿ ಧೈರ್ಯ ತೋರಿಸುವುದು ಬೇಡ. ಗೋವಾದ ಬೀಚುಗಳಲ್ಲಿ 2008ರಿಂದ ಜೀವರಕ್ಷಕರ ವ್ಯವಸ್ಥೆ ಇದೆ. ಕೆಂಪು ಬಾವುಟ ಇದ್ದಲ್ಲಿ ನೀರಿಗಿಳಿಯಬಾರದು. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು. ಮಳೆಗಾಲದಲ್ಲಿ ಕಡಲು ಅಪಾಯಕಾರಿ. ಕೊಂಕಣ ರೈಲುಗಳೂ ಆಗ ನಿಧಾನವಾಗಿ, ಬೇರೆ ವೇಳಾಪಟ್ಟಿಯಲ್ಲಿ ಓಡುತ್ತವೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಒಳ್ಳೆಯ ಮೀನೂ ಸಿಗುವುದು ಕಷ್ಟ. ನವೆಂಬರಿನಿಂದ ಫೆಬ್ರವರಿ ಹಿರಿಯರಿಗೆ ಹಿತವಾದ ಕಾಲ.

ಸಂಘಗಳಿಗೊಂದು ವಿನಂತಿ

ನಮ್ಮ ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆ ಪ್ರವಾಸ ಏರ್ಪಡಿಸುತ್ತವೆ. ಎರಡು ದಿನದಲ್ಲಿ ಏಳು ದೇವಸ್ಥಾನ, ಬಸ್ಸಿನಲ್ಲೇ ನಿದ್ದೆ. ಇದರಲ್ಲಿ ಯುವಕರಿಗೆ ಉತ್ಸಾಹವಿದೆ, ಎಂಬತ್ತು ದಾಟಿದವರಿಗೆ ಜಾಗವಿಲ್ಲ. ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ, ಫಲಪುಷ್ಪವಿತ್ತು ಗೌರವಿಸುವ ಹಿರಿಯರನ್ನು ಮರುದಿನ ಮನೆ ಕಾಯಲು ಬಿಟ್ಟು ಹೋಗುವುದು ಸರಿಯೇ? ಐದಾರು ಕುಟುಂಬಗಳು ಕೂಡಿ, ಒಂದು ಶಾಂತವಾದ ಕಡಲೂರಿನಲ್ಲಿ ಇಂತಹ ಒಂದೇ ಕಟ್ಟಡದ ಕೆಳಮಾಳಿಗೆ, ಮೊದಲ ಮಾಳಿಗೆ ಹಿಡಿದರೆ ವಾರವೊಂದನ್ನು ಸುಲಭವಾಗಿ ಕಳೆಯಬಹುದು. ಒಂದು ಮನೆಯಲ್ಲಿ ಗಂಜಿ ಬೆಂದರೆ ಎಲ್ಲ ಅಜ್ಜ-ಅಜ್ಜಿಯರಿಗೂ ಆಗುತ್ತದೆ. ಗೋವಾವೇ ಆಗಬೇಕೆಂದಿಲ್ಲ. ಪುಣೆ, ಹೈದರಾಬಾದ್, ಚೆನ್ನೈಯ ಕನ್ನಡಿಗ ಬಂಧುಗಳು ತಮಗೆ ಒಂದು ರಾತ್ರಿಯ ಪ್ರಯಾಣದ ದೂರದಲ್ಲಿರುವ ಕಡಲೂರನ್ನು ನೋಡಿಕೊಳ್ಳಬಹುದು.

ಊರಿನ ಮನೆಯನ್ನು ಮರಳಿ ತರುವುದು ನಮ್ಮಿಂದ ಆಗದು. ಆದರೆ ಹಿರಿಯರಿಗೆ ಕಡಲ ಗಾಳಿಯಲ್ಲಿ ಕುಳಿತು ಉಣ್ಣುವ ಒಂದು ಬಟ್ಟಲು ಗಂಜಿಯನ್ನು ಕೊಡುವುದು ಆಗುತ್ತದೆ. ಸಂಘಗಳು ಪ್ರವಾಸದ ಸುತ್ತೋಲೆ ಹೊರಡಿಸುವಾಗ ಸೀಟುಗಳ ಪಟ್ಟಿಯ ಜೊತೆಗೆ ಒಲೆಯ ಸರದಿಯ ಪಟ್ಟಿಯನ್ನೂ ಲಗತ್ತಿಸಲಿ. ಅದರಲ್ಲಿ ಪುರುಷ ಸದಸ್ಯರ ಹೆಸರು ಮೊದಲು ಬರಲಿ.